ಕಿತ್ತೂರಿನ ಕೋಟೆಯಲ್ಲಿ ನಲವತ್ತು ದಿನ

ಕುಂದಗೋಳ ತಾಲೂಕಿನ ಸಂಶಿ ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಹೆಸರು ಪಡೆದ ಊರೇನಲ್ಲ. ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರೈಲುಮಾರ್ಗದಲ್ಲಿ ಅದೊಂದು ಸಣ್ಣ ನಿಲ್ದಾಣ. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಭೂಮಿ. ಹತ್ತಿ, ಮೆಣಸಿನಕಾಯಿ, ಹಿಂಗಾರಿನ ಕಡಲೆ, ಜೋಳ. ಈ ಊರಿನ ಹಾಗೂ ನೆರೆಯ ಹಳ್ಳಿಗಳ ಹದಿನಾರು ಜನ ಯುವಕರು ಒಂಬತ್ತು ಮೋಟಾರ್ ಸೈಕಲ್ಲುಗಳ ಮೇಲೆ ಕಿತ್ತೂರಿಗೆ ಹೊರಟಾಗ ನನ್ನನ್ನೂ ಕರೆದರು. ಅವರಲ್ಲಿ ಕೆಲವರು ನಮ್ಮ ಧರ್ಮಕೇಂದ್ರದವರು, ಹೆಚ್ಚಿನವರು ಅಲ್ಲ. ಬಹುಮಂದಿ ಒಂದು ಕಾಲಕ್ಕೆ ನಮ್ಮ ಸಂಜೆಯ ಪಾಠಕ್ಕೆ ಬರುತ್ತಿದ್ದವರು. ಈಗ ಒಬ್ಬ ಬ್ಯಾಂಕಿನಲ್ಲಿ, ಒಬ್ಬ ಗ್ಯಾರೇಜಿನಲ್ಲಿ, ಉಳಿದವರು ಹೊಲದಲ್ಲಿ ದುಡಿಯುವವರು.

2024ರ ಅಕ್ಟೋಬರ್ 23ಕ್ಕೆ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿತ್ತು. ಉತ್ಸವದ ಜನಸಂದಣಿ ಇಳಿದ ಮೇಲೆ, ನವೆಂಬರ್ ತಿಂಗಳ ಎರಡನೆಯ ಶನಿವಾರ, ಪ್ರಾತಃಕಾಲದ ಬಲಿಪೂಜೆ ಮುಗಿಸಿ ನನ್ನ ಹಳೆಯ ಸ್ಪ್ಲೆಂಡರ್ ಗಾಡಿಯನ್ನು ಹೊರತೆಗೆದೆ. ಯುವಕರ ಉದ್ದೇಶ ಸರಳವಾಗಿತ್ತು: ಧ್ವಜ ಕಟ್ಟಿಕೊಂಡು ಹೋಗುವುದು, ಕೋಟೆಯ ಮುಂದೆ ನಿಂತು ಜಯಕಾರ ಹಾಕುವುದು, ಚಿತ್ರ ತೆಗೆದುಕೊಳ್ಳುವುದು, ಕತ್ತಲಾಗುವುದರೊಳಗೆ ಮರಳುವುದು. ನನ್ನ ಉದ್ದೇಶ ಅಷ್ಟು ಸರಳವಾಗಿರಲಿಲ್ಲ. ಅದನ್ನು ಹೇಳಬೇಕಾದರೆ ನಲವತ್ತು ವರ್ಷಗಳಿಗೂ ಹಿಂದಿನ ಒಂದು ಶಾಲಾ ನಾಟಕವನ್ನು ನೆನೆಯಬೇಕು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಆಡಿದರು. ಪಾತ್ರ ಹಂಚುವಾಗ ಗುರುಗಳು ನನ್ನತ್ತ ಬೆರಳು ಮಾಡಿ, "ನೀ ಥ್ಯಾಕರೆ ಆಗು. ನೀವು ಕಿರಿಸ್ತಾನರು, ನಿನಗ ಒಪ್ಪತದ" ಎಂದರು. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ; ನಕ್ಕೇ ಹೇಳಿದ ಮಾತು. ನಾನು ಟೊಪ್ಪಿಗೆ ಹಾಕಿಕೊಂಡು ಕಪ್ಪ ಕೇಳಿದೆ, ಗುಂಡು ತಗುಲಿ ಬಿದ್ದೆ, ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಅವ್ವನನ್ನು ಕೇಳಿದೆ: "ಅವ್ವಾ, ನಾವು ಯಾರ ಕಡೆಯವರು?" ಜೋಳದ ರೊಟ್ಟಿ ತಟ್ಟುತ್ತಿದ್ದ ಅವ್ವ, "ಹುಚ್ಚಪ್ಪಾ, ನಾವು ಈ ಊರವರು" ಎಂದಳು. ಆ ಉತ್ತರ ಸಾಕಾಗಿತ್ತು. ಆದರೂ ಆ ಪ್ರಶ್ನೆ ನನ್ನನ್ನು ಪೂರ್ತಿಯಾಗಿ ಬಿಟ್ಟು ಹೋಗಲಿಲ್ಲ. ಕಿತ್ತೂರಿನ ಮೂಲಕ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋದ ನಾನು ಆ ಕೋಟೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ದಾರಿಯಲ್ಲಿ ಸಿಕ್ಕ ಇತಿಹಾಸ

ಸಂಶಿಯಿಂದ ಕುಂದಗೋಳ, ಹುಬ್ಬಳ್ಳಿ, ಧಾರವಾಡ ಹಾದು ಕಿತ್ತೂರಿಗೆ ಹೋಗುವ ದಾರಿ ಹೆಚ್ಚೇನೂ ದೂರದ್ದಲ್ಲ. ಸುಮಾರು 80 ಕಿಲೋಮೀಟರು. ಆದರೆ ಈ ದಾರಿಯಲ್ಲಿ ಬೇರೆಬೇರೆ ಕಾಲದ ಇತಿಹಾಸ ಒಂದರ ಪಕ್ಕದಲ್ಲಿ ಒಂದು ಬಿದ್ದಿದೆ. ಕುಂದಗೋಳವನ್ನು ಇಂದು ನಾವು ಸವಾಯಿ ಗಂಧರ್ವರ ಊರೆಂದು ನೆನೆಯುತ್ತೇವೆ. ಅದೇ ಕುಂದಗೋಳ 1948ರವರೆಗೆ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು ಎಂಬುದನ್ನು ಹುಡುಗರಿಗೆ ಹೇಳಿದಾಗ ಅವರಿಗೆ ಅಚ್ಚರಿಯಾಯಿತು. ಕಂಪನಿ ಸರಕಾರಕ್ಕೆ ಅಡ್ಡ ಬಾರದ ಸಂಸ್ಥಾನಗಳು ಸ್ವಾತಂತ್ರ್ಯದವರೆಗೂ ಉಳಿದವು. ಅಡ್ಡ ನಿಂತ ಕಿತ್ತೂರು ಒಂದೇ ಚಳಿಗಾಲದಲ್ಲಿ ಅಳಿಯಿತು. ಆದರೆ ಇಂದು ಹುಬ್ಬಳ್ಳಿಯ ನಟ್ಟನಡುವೆ ಕುದುರೆಯ ಮೇಲೆ ಕತ್ತಿ ಹಿಡಿದು ನಿಂತಿರುವುದು ಉಳಿದವರ ಪ್ರತಿಮೆಯಲ್ಲ, ಅಳಿದ ಸಂಸ್ಥಾನದ ರಾಣಿಯ ಪ್ರತಿಮೆ. ಆ ಪ್ರತಿಮೆಯ ಮುಂದೆ ನಮ್ಮ ಒಂಬತ್ತು ಗಾಡಿಗಳು ಒಮ್ಮೆ ನಿಂತು, ಹಾರ್ನ್ ಬಾರಿಸಿ, ಮುಂದೆ ಹೋದವು.

ಧಾರವಾಡದಲ್ಲಿ ಚಹಾ ಕುಡಿಯಲು ನಿಂತಾಗ ನಾನು ಮತ್ತೊಂದು ಕಲ್ಲಿನ ಮಾತು ತೆಗೆದೆ. ಕಿತ್ತೂರಿನಲ್ಲಿ ಮಡಿದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ನೆನಪಿಗೆ ನಿಲ್ಲಿಸಿದ ಸ್ತಂಭ ಈ ಊರಿನಲ್ಲಿಯೇ ಇದೆ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪ. "ಅದನ್ನ ಇನ್ನೂ ಯಾಕ ಇಟ್ಟಾರಿ ಫಾದರ್? ಕೆಡವಬೇಕಿತ್ತು" ಎಂದ ಒಬ್ಬ. ಇನ್ನೊಬ್ಬ, "ಇರಲಿ ಬಿಡೋ. ಅದು ಇದ್ರನ ಅಲ್ಲೇನ, ಯಾರ ಗುಂಡಿಗೆ ಬಿದ್ದ ಅನ್ನೋದು ನೆನಪಿರೋದು?" ಎಂದ. ಈ ಎರಡನೆಯವನ ಉತ್ತರದಲ್ಲಿ ಇತಿಹಾಸದ ಒಂದು ಪಾಠವೇ ಇದೆಯೆಂದು ನನಗೆ ಅನಿಸಿತು.

1824: ಒಂದು ದತ್ತಕದ ಪ್ರಶ್ನೆ

ಕಿತ್ತೂರಿನ ಯುದ್ಧ ಹುಟ್ಟಿದ್ದು ಒಂದು ದತ್ತಕದ ಪ್ರಶ್ನೆಯಿಂದ. ದೇಸಾಯಿ ಮಲ್ಲಸರ್ಜನು ಪೇಶ್ವೆಯ ಸೆರೆಯಲ್ಲಿ ಬಳಲಿ 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದನು. ಪೇಶ್ವೆಯ ಆಳಿಕೆ ಮುಗಿದ 1818ರಲ್ಲಿ ಕಿತ್ತೂರು ಕಂಪನಿಗೆ ನೆರವಾಗಿತ್ತು. ಅದಕ್ಕೆ ಪ್ರತಿಯಾಗಿ ಸಂಸ್ಥಾನ ಅವನ ಕೈಯಲ್ಲೇ ಉಳಿಯಿತು. ಅಂದರೆ ಕಿತ್ತೂರು ಕಂಪನಿಗೆ ಮೊದಲಿನಿಂದ ಶತ್ರುವೇನೂ ಆಗಿರಲಿಲ್ಲ. ಮಕ್ಕಳಿಲ್ಲದ ಆ ದೇಸಾಯಿ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ದತ್ತಕ ತೆಗೆದುಕೊಂಡ ಬಾಲಕನನ್ನು ಥ್ಯಾಕರೆ ಒಪ್ಪಲಿಲ್ಲ. ದತ್ತಕದ ಕಾಗದವನ್ನೇ ಶಂಕಿಸಿ, ಭಂಡಾರಕ್ಕೆ ಕಾವಲು ಹಾಕಿಸಿದನು. ಡಾಲ್‌ಹೌಸಿಯು ದತ್ತಕ ನಿರಾಕರಣೆಯನ್ನು ರಾಜನೀತಿಯನ್ನಾಗಿ ಮಾಡಿಕೊಂಡದ್ದು 1848ರ ಅನಂತರ. ಅದಕ್ಕೆ ಕಾಲು ಶತಮಾನ ಮೊದಲೇ ಅದರ ಬಿಸಿ ಕಿತ್ತೂರಿಗೆ ತಟ್ಟಿತ್ತು. ಈ ವೇಳೆಗೆ ಸಂಸ್ಥಾನದ ಹೊಣೆ ಹೊತ್ತಿದ್ದವಳು ಮಲ್ಲಸರ್ಜನ ಕಿರಿಯ ರಾಣಿ, ಕಾಕತಿಯ ಮಗಳು ಚೆನ್ನಮ್ಮ.

1824ರ ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಬಾಗಿಲಿಗೆ ತೋಪುಗಳನ್ನು ಗುರಿಯಿಟ್ಟು, ಬಾಗಿಲು ತೆರೆಯದಿದ್ದರೆ ಹಾರಿಸುವೆನೆಂದು ಗಡುವು ಕೊಟ್ಟನು. ಬಾಗಿಲು ತೆರೆಯಿತು, ಶರಣಾಗತಿಗಲ್ಲ, ಯುದ್ಧಕ್ಕೆ. ಒಳಗಿನಿಂದ ಕಿತ್ತೂರಿನ ಪಡೆ ಪ್ರವಾಹದಂತೆ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದನು. ತೋಪುಖಾನೆಯ ಅಧಿಕಾರಿಗಳೂ ಹತರಾದರು. ಥ್ಯಾಕರೆಯ ಇಬ್ಬರು ಸಹಾಯಕರು ಸೆರೆಸಿಕ್ಕರು: ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್.

ಶಾಲೆಯ ನಾಟಕದಲ್ಲಿ ನಾನು ಬಿದ್ದೊಡನೆ ಪರದೆ ಎಳೆದಿದ್ದರು. ಆದರೆ ಇತಿಹಾಸದ ಪರದೆ ಅಲ್ಲಿ ಬೀಳುವುದಿಲ್ಲ. ಸೆರೆಸಿಕ್ಕ ಆ ಇಬ್ಬರು ಡಿಸೆಂಬರ್ ತಿಂಗಳ ಆರಂಭದವರೆಗೆ, ಸುಮಾರು ನಲವತ್ತು ದಿನ, ಚೆನ್ನಮ್ಮನ ಕೋಟೆಯೊಳಗಿದ್ದರು. ನಲವತ್ತು ದಿನ ಎಂದಾಗ ಬೈಬಲ್ ಓದಿದವರ ಮನಸ್ಸು ಮರುಭೂಮಿಯ ಕಡೆಗೆ ಹೋಗುವುದು ಸಹಜ. ಪರೀಕ್ಷೆಯ ಅವಧಿ ಅದು. ಇಲ್ಲಿ ಪರೀಕ್ಷೆ ಸೆರೆಯಾಳುಗಳಿಗಷ್ಟೇ ಅಲ್ಲ, ಸೆರೆಹಿಡಿದವರಿಗೂ ಇತ್ತು. ಧಾರವಾಡ, ಬೆಳಗಾವಿ, ಪುಣೆ, ಮದ್ರಾಸುಗಳಿಂದ ಸೈನ್ಯ ಜಮಾಯಿಸುತ್ತಿರುವ ಸುದ್ದಿ ದಿನದಿನವೂ ಕೋಟೆಗೆ ಬರುತ್ತಿರುವಾಗ, ಕೈಯೊಳಗಿನ ಇಬ್ಬರು ವೈರಿಗಳ ಮೇಲೆ ಸೇಡು ತೀರಿಸಿಕೊಳ್ಳುವುದು ಬಲು ಸುಲಭವಾಗಿತ್ತು. ಹಾಗಾಗಲಿಲ್ಲ. ಕಮಿಷನರ್ ಚಾಪ್ಲಿನ್ ಅವರ ಬಿಡುಗಡೆಯನ್ನು ಕೇಳಿದಾಗ ಕೊನೆಗೆ ರಾಣಿ ಅವರನ್ನು ಜೀವಸಹಿತ ಕಳುಹಿಸಿಕೊಟ್ಟಳು. ಅದಾದ ಮೇಲೆ ಕೋಟೆ ಒಂದು ವಾರವೂ ಬಾಳಲಿಲ್ಲ. ದೊಡ್ಡ ಸೈನ್ಯ, ದೊಡ್ಡ ತೋಪುಗಳು. ಗೋಡೆ ಬಿರಿಯಿತು, ಡಿಸೆಂಬರ್ 5ರಂದು ಕಿತ್ತೂರು ಬಿತ್ತು. ಆ ದಾಳಿಯಲ್ಲಿ ಕಂಪನಿಯ ಕಡೆ ಸೋಲಾಪುರದ ಉಪ ಕಲೆಕ್ಟರ್ ಮನ್ರೋ, ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋನ ಬಂಧು, ಮಡಿದನು. ಚೆನ್ನಮ್ಮ ಬೈಲಹೊಂಗಲದಲ್ಲಿ ಬಂದಿಯಾಗಿ, 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಪ್ರಾಣಬಿಟ್ಟಳು.

ಕೋಟೆಯೊಳಗಿನ ವಾದ

ಈ ಕಥೆಯನ್ನು ನಾನು ಹೇಳಿದ್ದು ಕಿತ್ತೂರಿನ ಅರಮನೆಯ ಪಾಳುಗೋಡೆಗಳ ನೆರಳಿನಲ್ಲಿ. ಜಯಕಾರ ಆಗಿತ್ತು, ಚಿತ್ರಗಳೂ ಆಗಿದ್ದವು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವನ್ನು ನೋಡಿ, ಧ್ರುವತಾರೆ ನೋಡಲೆಂದು ಗೋಡೆಯಲ್ಲಿ ಕೊರೆದ ಕಿಂಡಿಗೆ ಹಾಡುಹಗಲಿನಲ್ಲಿಯೇ ಒಬ್ಬೊಬ್ಬರಾಗಿ ಕಣ್ಣಿಟ್ಟು, ಮನೆಯಿಂದ ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ದೆವು. ಬೆಳಿಗ್ಗೆ ಸ್ತಂಭವನ್ನು ಕೆಡವಬೇಕೆಂದಿದ್ದ ಯುವಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದ:

"ಚೆನ್ನಮ್ಮ ತಾಯಿ ಅವರನ್ನ ಬಿಡಬಾರದಿತ್ತು ನೋಡ್ರಿ ಫಾದರ್. ಬಿಟ್ಟಿದ್ದಕ್ಕ ಕೋಟಿ ಹೋತು."

ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಒತ್ತೆಯಾಳುಗಳು ಕೈಯಲ್ಲಿರುವವರೆಗೆ ಕಂಪನಿ ಹಿಂಜರಿಯುತ್ತಿತ್ತು ಎಂಬುದು ನಿಜವಿರಬಹುದು. ಅವರನ್ನು ಉಳಿಸಿಕೊಂಡದ್ದರಲ್ಲಿ ರಾಜಕಾರಣದ ಲೆಕ್ಕವೂ ಇದ್ದಿತು. ರಾಣಿ ರಾಜ್ಯ ನಡೆಸುವವಳು, ಲೆಕ್ಕವನ್ನು ಬಲ್ಲವಳು. ಆದರೆ ಆ ಲೆಕ್ಕ ಕೈಗೂಡದು ಎಂದು ತಿಳಿದ ಮೇಲೂ ಅವರನ್ನು ಕೊಲ್ಲದೆ ಕಳುಹಿಸಿದ್ದು ಲೆಕ್ಕಾಚಾರದಿಂದ ಮಾತ್ರ ಬರುವಂಥದಲ್ಲ.

ಕೊಲ್ಲುವುದು ಆ ಕಾಲಕ್ಕೆ ಅಪರೂಪವೂ ಆಗಿರಲಿಲ್ಲ. ನಮ್ಮ ನೆರೆಯ ನರಗುಂದವನ್ನೇ ನೋಡಬಹುದು. ಅಲ್ಲಿಯೂ ಕಾರಣ ದತ್ತಕದ ನಿರಾಕರಣೆಯೇ. 1858ರ ಮೇ ತಿಂಗಳ ಕೊನೆಯಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನನ್ನು ಸುರೇಬಾನದಲ್ಲಿ ಕೊಂದು, ಅವನ ತಲೆಯನ್ನು ನರಗುಂದದ ಬಾಗಿಲಿಗೆ ತೂಗುಹಾಕಿದರು. ಸರಕಾರ ಅದೇ ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿತು. ಅನ್ಯಾಯ ಎರಡೂ ಕಡೆ ಒಂದೇ ಬಗೆಯದು, ಅಂತರ 34 ವರ್ಷ. ನರಗುಂದದ ಶೌರ್ಯವನ್ನು ಕಡಿಮೆ ಮಾಡಿ ನೋಡಲು ನಾನು ಇದನ್ನು ಹೇಳುತ್ತಿಲ್ಲ. ಸೆರೆಯಾಳಿನ ಜೀವ ಉಳಿಯುವುದು ತಾನಾಗಿಯೇ ನಡೆಯುವ ಸಂಗತಿಯಲ್ಲ, ಯಾರೋ ಒಬ್ಬರು ಹಾಗೆ ನಿರ್ಧರಿಸಬೇಕಾಗುತ್ತದೆ ಎಂಬುದನ್ನು ತೋರಿಸಲು ಮಾತ್ರ ಹೇಳುತ್ತಿದ್ದೇನೆ.

ಉಳಿದ ಒಂದು ಜೀವ ಏನು ಮಾಡಿತು?

ಸೆರೆಸಿಕ್ಕಾಗ ವಾಲ್ಟರ್ ಎಲಿಯಟ್‌ಗೆ 21 ವರ್ಷ. 1803ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವನು. ನೌಕರಿಗೆಂದು ಭಾರತಕ್ಕೆ ಬಂದು ಆಗ ಕೆಲವೇ ವರ್ಷ. ನನ್ನ ಮುಂದೆ ಕುಳಿತ ಹುಡುಗರದೂ ಹೆಚ್ಚುಕಡಿಮೆ ಅದೇ ವಯಸ್ಸು. ಬಿಡುಗಡೆಯಾದ ಮೇಲೆ ಅವನು ಈ ಸೀಮೆಯನ್ನು ಬಿಟ್ಟು ಓಡಿಹೋಗಲಿಲ್ಲ. 1833ರವರೆಗೆ ಇಲ್ಲಿಯೇ ಇದ್ದನು. ಆ ವರ್ಷಗಳಲ್ಲಿ ಅವನನ್ನು ಹಿಡಿದ ಗೀಳು ಕಲ್ಲುಗಳದು: ಗುಡಿಗಳ ಗೋಡೆಯಲ್ಲಿ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ ನಿಂತ ಹಳಗನ್ನಡದ ಶಾಸನಗಳು. ಊರವರು ದಿನವೂ ನೋಡಿಯೂ ಓದಲಾಗದೆ ಬಿಟ್ಟ ಅಕ್ಷರಗಳನ್ನು ಅವನು ಸ್ಥಳೀಯ ಪಂಡಿತರ ನೆರವಿನಿಂದ ನಕಲು ಮಾಡಿಸುತ್ತ ಹೋದನು. ಹೀಗೆ ಕೂಡಿದ ನಕಲುಗಳು 600ರಷ್ಟು. ಅವುಗಳ ಆಧಾರದಿಂದ ಅವನು ಬರೆದ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದಲೇ ಕ್ರಮಬದ್ಧವಾಗಿ ಕಟ್ಟಲು ಮಾಡಿದ ಮೊದಮೊದಲ ಪ್ರಯತ್ನ ಅದು.

ಇಷ್ಟಕ್ಕೇ ಮುಗಿಯಲಿಲ್ಲ. ಈ ಭಾಗದ ಕಾಡುಮೇಡುಗಳಲ್ಲಿ ಕಂಡ ಸಸ್ತನಿ ಪ್ರಾಣಿಗಳ ಪಟ್ಟಿಯನ್ನೂ ಅವನು ಮಾಡಿದನು. ಮುಂದೆ ಮದ್ರಾಸ್ ಪ್ರಾಂತದ ದೊಡ್ಡ ಹುದ್ದೆಗಳಿಗೆ ಏರಿದನು. 1845ರಲ್ಲಿ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಯಿಸಿದನು. ಮುಪ್ಪಿನಲ್ಲಿ ದೃಷ್ಟಿ ಕಳೆದುಕೊಂಡ ಮೇಲೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಸಿದ್ಧಪಡಿಸಿ, 1887ರಲ್ಲಿ ಸ್ಕಾಟ್ಲೆಂಡಿನ ತನ್ನ ಊರಿನಲ್ಲಿ ತೀರಿಕೊಂಡನು.

ಅವನನ್ನು ಸಂತನನ್ನಾಗಿ ಮಾಡುವ ಅವಶ್ಯಕತೆಯಿಲ್ಲ. ಅವನು ಕೊನೆಯವರೆಗೂ ಕಂಪನಿಯ, ಆಮೇಲೆ ಸಾಮ್ರಾಜ್ಯದ ಅಧಿಕಾರಿಯೇ. ಅವನು ಮಾಡಿಸಿದ ನಕಲುಗಳಲ್ಲಿ ತಪ್ಪುಗಳಿದ್ದವು. ಅಮರಾವತಿಯ ಶಿಲ್ಪಗಳಲ್ಲಿ ಅನೇಕವು ಇಂದು ನಮ್ಮ ನೆಲದಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆದರೂ ಅವನು ಬಿತ್ತಿದ್ದು ಬೆಳೆಯಿತು. ಅವನ ಸಂಗ್ರಹವನ್ನು ಬಳಸಿ, ತಿದ್ದಿ, ಬೆಳೆಸಿದವನು ಜೆ. ಎಫ್. ಫ್ಲೀಟ್, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದವನು. ಇದೇ ಫ್ಲೀಟ್ ನಮ್ಮ ಹಳ್ಳಿಗರ ಬಾಯಲ್ಲಿದ್ದ ಲಾವಣಿಗಳನ್ನೂ ಬರೆದುಕೊಂಡು ಅಚ್ಚು ಹಾಕಿಸಿದನು. ಅವುಗಳಲ್ಲಿ ಒಂದು ಯಾರದು ಗೊತ್ತೆ? ಕಿತ್ತೂರಿಗಾಗಿ ಕಾದಾಡಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನದು!

ಇದನ್ನು ಹೇಳಿದಾಗ ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ಕೋಟೆಯ ಬಾಗಿಲಲ್ಲಿ ಕೊಲ್ಲಬಹುದಾಗಿದ್ದ ಒಬ್ಬ ತರುಣನನ್ನು ಕೊಲ್ಲದೆ ಬಿಟ್ಟದ್ದರಿಂದ ಅವನು ನಮ್ಮ ಕಲ್ಲುಗಳನ್ನು ಓದಿಸಿದ. ಅವನ ದಾರಿಯಲ್ಲಿ ಬಂದ ಇನ್ನೊಬ್ಬ ಅದೇ ಕೋಟೆಯ ಬಂಟನ ಹಾಡನ್ನು ಕಾಪಾಡಿದ. ಚೆನ್ನಮ್ಮ ಇದನ್ನೆಲ್ಲ ಎಣಿಸಿ ಮಾಡಿದಳೆಂದು ಯಾರೂ ಹೇಳಲಾರರು. ಅವಳಿಗೆ ಇದರಿಂದ ಲಾಭವೂ ಆಗಲಿಲ್ಲ.

ತೀರದ ಲೆಕ್ಕ

ಇಲ್ಲಿಯೇ ಆ ಯುವಕನ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಅವಳ ದಯೆಗೆ ಅವಳಿಗೆ ದಯೆ ಸಿಗಲಿಲ್ಲ. ಅವಳು ಬಿಟ್ಟುಕಳುಹಿಸಿದ ಸರಕಾರದ ಆಳುಗಳು ಬದುಕಿದರು, ಅವಳು ಸೆರೆಯಲ್ಲಿ ಸತ್ತಳು. ವೈರಿಯನ್ನು ಪ್ರೀತಿಸಬೇಕೆಂದು ಪ್ರತಿವರ್ಷ ಪ್ರಬೋಧನೆ ಮಾಡುವ ನಾನು ಈ ಮಾತಿನ ಮುಂದೆ ತಡವರಿಸಿದೆನೆಂದು ಒಪ್ಪಿಕೊಳ್ಳಬೇಕು. ಒಳ್ಳೆಯದನ್ನು ಮಾಡಿದವರಿಗೆ ಒಳ್ಳೆಯದೇ ಆಗುತ್ತದೆ ಎಂದು ಪೀಠದ ಮೇಲಿಂದ ಹೇಳುವುದು ಸುಲಭ. ಕಿತ್ತೂರಿನ ಪಾಳುಗೋಡೆಯ ಕೆಳಗೆ ಕುಳಿತು ಹಾಗೆ ಹೇಳಲು ಬಾಯಿ ಬರಲಿಲ್ಲ. ನಾನು ಹೇಳಿದ್ದು ಇಷ್ಟೇ: "ತಮ್ಮಾ, ಅವರನ್ನು ಕೊಂದಿದ್ದರೂ ಕೋಟೆ ಉಳಿಯುತ್ತಿರಲಿಲ್ಲ. ಆದರೆ ಇವತ್ತು ನಾವು ಎಂಬತ್ತು ಕಿಲೋಮೀಟರು ಬಂದು ಇಲ್ಲಿ ತಲೆಯೆತ್ತಿ ಕೂತೀವಲ್ಲ, ಆ ತಲೆ ಸ್ವಲ್ಪ ತಗ್ಗುತ್ತಿತ್ತು." ಅವನು ಒಪ್ಪಿದನೋ ಇಲ್ಲವೋ ತಿಳಿಯದು. ರೊಟ್ಟಿಯನ್ನಂತೂ ಮತ್ತೆ ಮುರಿಯತೊಡಗಿದ.

ಆ ನೆರಳಿನಲ್ಲಿ ನನ್ನ ಬಾಲ್ಯದ ಪ್ರಶ್ನೆಗೂ ಬೇರೆಯದೇ ಒಂದು ಉತ್ತರ ಹೊಳೆಯಿತು. ಇತಿಹಾಸದಲ್ಲಿ ಕಡೆಗಳನ್ನು ಧರ್ಮದಿಂದ ಹಂಚಲಾಗುವುದಿಲ್ಲ. ಥ್ಯಾಕರೆಯ ಕಡೆ ಬಂದೂಕು ಹಿಡಿದ ಸಿಪಾಯಿಗಳಲ್ಲಿ ಬಹುಮಂದಿ ಈ ದೇಶದವರೇ. ರಾಯಣ್ಣನ ಜೊತೆಗಾರರಲ್ಲಿ ಸಿದ್ದಿ ಜನಾಂಗದ ಗಜವೀರನನ್ನು ಜನಪದರು ಇಂದಿಗೂ ನೆನೆಯುತ್ತಾರೆ. ಆಫ್ರಿಕೆಯ ಮೂಲದ ಆ ಸಿದ್ದಿ ಬಂಧುಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇಂದು ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ಒಂದಾಗಿ ಬಾಳುತ್ತಿದ್ದಾರೆ. ಹೀಗಿರುವಾಗ ಯಾರು ಯಾರ ಕಡೆಯವರು ಎಂದು ಹೆಸರು ನೋಡಿ ತೀರ್ಮಾನಿಸುವುದು ಹೇಗೆ? ಅನ್ಯಾಯಕ್ಕೆ ಎದುರು ನಿಂತ ಗಳಿಗೆಯಲ್ಲಿ ನಾನು ಚೆನ್ನಮ್ಮನ ಕಡೆಯವನು. ಸೆರೆಸಿಕ್ಕ ವೈರಿಯ ಜೀವ ಕಾಪಾಡಿದ ಗಳಿಗೆಯಲ್ಲಿಯೂ ಅವಳ ಕಡೆಯವನೇ. ಎರಡನೆಯದು ಮೊದಲನೆಯದಕ್ಕಿಂತ ಕಠಿಣವೆಂದು ನನಗೆ ತೋರುತ್ತದೆ.

ಮರಳುವಾಗ ಹೊತ್ತು ಇಳಿಯುತ್ತಿತ್ತು. ಕುಂದಗೋಳದಲ್ಲಿ ಎಲ್ಲರೂ ತಾವಾಗಿಯೇ ಗಾಡಿ ನಿಲ್ಲಿಸಿ ಚಾಲುಕ್ಯ ಶೈಲಿಯ ಶಂಭುಲಿಂಗ ದೇವಾಲಯದ ಅಂಗಳಕ್ಕೆ ಹೋದರು. ಹಲವು ಸಲ ಅದರ ಮುಂದೆ ಹಾದುಹೋದವರೇ. ಸಂಜೆಯ ಮಬ್ಬಿನಲ್ಲಿ ಮೊಬೈಲಿನ ಬೆಳಕು ಹಾಯಿಸಿ ಕಂಬಗಳನ್ನು, ಗೋಡೆಗಳನ್ನು ಸವರುತ್ತ ಅಕ್ಷರ ಹುಡುಕತೊಡಗಿದರು. ಸ್ತಂಭ ಕೆಡವಬೇಕೆಂದಿದ್ದವನು ನನ್ನ ಹತ್ತಿರ ಬಂದು, "ಫಾದರ್, ನಮ್ಮ ಹೊಲದ ಬಾಜೂಕ ಒಂದು ಕಲ್ಲು ಅರ್ಧ ಹುಗದೈತ್ರಿ. ಮ್ಯಾಲೆ ಏನೋ ಬರದಾರ. ಎತ್ತು ಮೈ ತಿಕ್ಕತಾವ. ಒಮ್ಮೆ ಬಂದು ನೋಡ್ರಲಾ" ಎಂದ.

ಮುಂದಿನ ವಾರ ಹೋಗಿ ನೋಡಿದೆ. ಅಕ್ಷರಗಳು ಬಹಳ ಸವೆದಿವೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಒಂದು ಹಸು ಕರು ಮಾತ್ರ ನನಗೆ ತಿಳಿದವು. ಓದಬಲ್ಲವರನ್ನು ಕರೆಸಬೇಕು. ಅಷ್ಟರಲ್ಲಿ ಆ ಹುಡುಗ ಕಲ್ಲಿನ ಸುತ್ತ ನಾಲ್ಕು ಗೂಟ ನೆಟ್ಟು ಬೇಲಿ ಕಟ್ಟಿದ್ದಾನೆ, ಎತ್ತುಗಳು ತಾಗದಿರಲೆಂದು.